ಸಕ್ಕರೆ ಅಚ್ಚು ಮನೆಯಲ್ಲೇ ಮಾಡುವವರು ಇನ್ನೂ ಯಾರಿದ್ದೀರಿ? (ಸಂಕ್ರಾಂತಿ ತಯಾರಿ)

ತುಂಗಾತೀರ (ಜನವರಿ 3, ಬೆಳಗ್ಗೆ 10:15)

ಎಲ್ಲರಿಗೂ ನಮಸ್ಕಾರ. ಈ ಸಲ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮನೆಯಲ್ಲೇ ಮಾಡಬೇಕು ಅಂತ ಹಟ ಹಿಡಿದು ಕೂತಿದ್ದೇನೆ. ಅತ್ತೆ ಬಳಸುತ್ತಿದ್ದ ಮರದ ಅಚ್ಚುಗಳು ಊರಿಂದ ಬಂದಿವೆ. ಆನೆ, ತುಳಸಿಕಟ್ಟೆ, ಗೋಪುರ, ಬಾತುಕೋಳಿ, ಜೊತೆಗೆ ಒಂದು ಮೀನು. ಅತ್ತೆಗೆ ಈಗ ಒಲೆ ಮುಂದೆ ತುಂಬಾ ಹೊತ್ತು ನಿಲ್ಲಲು ಆಗುವುದಿಲ್ಲ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಹೇಳಿಕೊಡುತ್ತಾರೆ. "ಹದ ಬಂತು, ಇಳಿಸು" ಅಂತಾರೆ. ಯಾವುದನ್ನು ನೋಡಿ ಹಾಗೆ ಹೇಳುತ್ತಾರೋ ನನಗೆ ಇನ್ನೂ ಗೊತ್ತಾಗುತ್ತಿಲ್ಲ.

ಎರಡು ಪ್ರಶ್ನೆ. ಗೋಪುರ, ಮೀನು ಚೆನ್ನಾಗಿ ಬಿಡುತ್ತವೆ, ಆನೆ ಸೊಂಡಿಲು ಮಾತ್ರ ಅಚ್ಚಿನಲ್ಲೇ ಮುರಿದು ಉಳಿಯುತ್ತದೆ. ಇದಕ್ಕೆ ಏನು ಉಪಾಯ?

ಇನ್ನೊಂದು, ಮನೆಯಲ್ಲಿ ಮಿಕ್ಕವರೆಲ್ಲ "ಅಂಗಡಿಯಲ್ಲಿ ಸಿಗುತ್ತಲ್ಲ, ಯಾಕಿಷ್ಟು ಒದ್ದಾಟ" ಅಂತಾರೆ. ನಿಮ್ಮ ಮನೆಗಳಲ್ಲಿ ಹೇಗೆ? ಕೊಬ್ಬರಿ ಹೆಚ್ಚೋದು, ಬೆಲ್ಲ ಕತ್ತರಿಸೋದು, ಅಚ್ಚು ಹುಯ್ಯೋದು ಇನ್ನೂ ನಡೆಯುತ್ತಾ?

ಗಾಂಧಿಬಜಾರ್_ಗೆಳತಿ (ಬೆಳಗ್ಗೆ 10:32)

ನಡೆಯುತ್ತೆ, ನಡೆಯುತ್ತೆ! ನಮ್ಮ ಮನೆಯಲ್ಲಿ ಕೊಬ್ಬರಿ ಈಗಾಗಲೇ ತಾರಸಿ ಮೇಲೆ ಬಿಸಿಲು ಕಾಯುತ್ತಿದೆ.

ಹಳೇಮೈಸೂರು_ಅಡುಗೆ (ಬೆಳಗ್ಗೆ 11:05)

ಅಚ್ಚನ್ನು ಎಷ್ಟು ಹೊತ್ತು ನೀರಿನಲ್ಲಿ ನೆನೆಸಿದಿರಿ? ಮರದ ಅಚ್ಚು ರಾತ್ರಿಯಿಡೀ ನೀರಿನಲ್ಲಿ ಮುಳುಗಿರಬೇಕು. ಒಣ ಮರ ಪಾಕ ಹೀರಿಕೊಂಡು ಕಚ್ಚಿಕೊಳ್ಳುತ್ತೆ. ಬಹಳ ವರ್ಷ ಅಟ್ಟದ ಮೇಲೆ ಇದ್ದ ಅಚ್ಚಾದರೆ ಇನ್ನೂ ಜಾಸ್ತಿ ನೆನೆಯಬೇಕು. ತೆಗೆದ ಮೇಲೆ ನೀರು ಕೊಡವಿ, ಸಂದಿನಲ್ಲಿ ನಿಂತ ಹನಿ ಬಟ್ಟೆಯಲ್ಲಿ ಒತ್ತಿ, ಎರಡೂ ಹೋಳು ಸರಿಯಾಗಿ ಕೂರಿಸಿ ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿ. ಸೊಂಡಿಲಿನ ಸಂದಿಯಲ್ಲಿ ಹಳೇ ಸಕ್ಕರೆ ಗಟ್ಟಿಯಾಗಿ ಕೂತಿದೆಯಾ ನೋಡಿ. ಬಿಸಿನೀರು ಹಾಕಿ, ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಉಜ್ಜಿದರೆ ಬಿಡುತ್ತೆ.

ಹದದ ವಿಷಯ ಹೀಗೆ. ಒಂದು ಕೆಜಿ ಸಕ್ಕರೆಗೆ ಮುಳುಗುವಷ್ಟೇ ನೀರು. ಕುದಿ ಬಂದಾಗ ಕಾಲು ಲೋಟ ಹಾಲು ಹಾಕಿ. ಹಾಲು ಒಡೆದು ಸಕ್ಕರೆಯ ಕೊಳೆಯನ್ನೆಲ್ಲ ಮೇಲಕ್ಕೆ ಎತ್ತುತ್ತೆ. ಆ ನೊರೆ ತೆಗೆದು ತೆಳು ಬಟ್ಟೆಯಲ್ಲಿ ಶೋಧಿಸಿ. ಇದು ಪಕ್ಕಕ್ಕಿರಲಿ. ಪೂರ್ತಿ ಪಾಕವನ್ನು ಒಟ್ಟಿಗೆ ಕಾಯಿಸಬೇಡಿ. ಸಣ್ಣ ಪಾತ್ರೆಗೆ ಎರಡು ಸೌಟು ಹಾಕಿ, ಅಷ್ಟನ್ನೇ ಕುದಿಸಿ. ಗುಳ್ಳೆ ದಪ್ಪ ಆಗಿ ನಿಧಾನ ಆದಾಗ ಇಳಿಸಿ, ಚಮಚದಲ್ಲಿ ಕೈ ಬಿಡದೆ ತಿರುವಿ. ಪಾತ್ರೆಯ ಅಂಚು ಬೆಳ್ಳಗೆ ತಿರುಗುತ್ತೆ ನೋಡಿ, ಅದೇ ಹೊತ್ತು. ತಕ್ಷಣ ಹುಯ್ಯಬೇಕು. ನಿಮ್ಮ ಅತ್ತೆ ನೋಡುತ್ತಿರುವುದು ಆ ಅಂಚನ್ನು.

ತುಂಗಾತೀರ (ಬೆಳಗ್ಗೆ 11:20)

ಅಂಚು! ಈಗಷ್ಟೇ ಅತ್ತೆಯನ್ನು ಕೇಳಿದೆ. "ಹೂಂ ಮತ್ತೆ, ಇನ್ನೇನು ನೋಡೋದು" ಅಂದರು. ಧನ್ಯವಾದ ಮೇಡಂ.

ಲೆಕ್ಕಾಚಾರ (ಬೆಳಗ್ಗೆ 11:48)

ನನ್ನ ಅಭಿಪ್ರಾಯ ಬೇರೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದೆಲ್ಲ ಮಾಡಿ ಅಂತ ಯಾರ ಮೇಲೂ ಹೊರೆ ಹಾಕಬಾರದು. ಮಲ್ಲೇಶ್ವರಂ 8ನೇ ಕ್ರಾಸಿನಲ್ಲಿ ಎಳ್ಳು ಬೆಲ್ಲ ಬೆರೆಸಿಟ್ಟಿರುತ್ತಾರೆ, ಅಚ್ಚೂ ಇರುತ್ತೆ. ತಂದು ದೇವರಿಗೆ ಇಟ್ಟು ಹಂಚಿದರೆ ಹಬ್ಬ ಹಬ್ಬವೇ. ಮಾಡಲು ಇಷ್ಟ ಇದ್ದವರು ಮಾಡಲಿ. ಆದರೆ "ಮನೆಯಲ್ಲಿ ಮಾಡಿದರೇ ಸಂಪ್ರದಾಯ" ಅನ್ನುವ ಮಾತು ಕೊನೆಗೆ ಹೋಗಿ ಬೀಳುವುದು ಮನೆಯ ಹೆಂಗಸರ ಮೇಲೆ.

ಸೊಸೆ_ಮತ್ತು_ಮಗಳು (ಮಧ್ಯಾಹ್ನ 12:10)

ಲೆಕ್ಕಾಚಾರ ಅವರು ಹೇಳಿದ್ದರಲ್ಲಿ ಅರ್ಧ ಸರಿ. ಹೊರೆ ಹೆಂಗಸರ ಮೇಲೆ ಬೀಳುತ್ತೆ, ನಿಜ. ಅದಕ್ಕೆ ಮಾಡೋದನ್ನೇ ಬಿಡಬೇಕಾ, ಇಲ್ಲ ಗಂಡಸರು ಕೈ ಹಾಕಬೇಕಾ? ನಮ್ಮಲ್ಲಿ ಕೊಬ್ಬರಿ ಕೆಲಸ ಪೂರ್ತಿ ನಮ್ಮ ಯಜಮಾನರದ್ದು. ಗಿಟುಕಿನ ಹಿಂದಿನ ಕಂದು ಸಿಪ್ಪೆಯನ್ನು ತುರಿಮಣೆಯಲ್ಲಿ ಉಜ್ಜಿ ತೆಗೆದು, ತೆಳ್ಳಗೆ ಸೀಳಿ, ಒಂದೇ ಅಳತೆಗೆ ಕತ್ತರಿಸಿ ಕೊಡುತ್ತಾರೆ. ನನ್ನ ಕೈಯಲ್ಲಿ ಅಷ್ಟು ಸಮ ಬರುವುದಿಲ್ಲ. ಮಗ ಕಡಲೆಕಾಯಿ ಬೀಜ ಉಜ್ಜಿ ಮೊರದಲ್ಲಿ ಕೇರುತ್ತಾನೆ. ಅಡುಗೆಮನೆ ತುಂಬ ಸಿಪ್ಪೆ ಹಾರುತ್ತೆ, ಆಮೇಲೆ ಅವನೇ ಗುಡಿಸಬೇಕು.

ತಿಪಟೂರು_ತೆಂಗು (ಮಧ್ಯಾಹ್ನ 12:31)

ಕೊಬ್ಬರಿ ಅಂದಿರಿ, ಒಂದು ಮಾತು ಹೇಳಿಬಿಡುತ್ತೇನೆ. ಎಳ್ಳಿಗೆ ಕೊಬ್ಬರಿ ಕೊಳ್ಳುವಾಗ ಗಿಟುಕನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಚೆನ್ನಾಗಿ ಒಣಗಿದ ಉಂಡೆ ಕೊಬ್ಬರಿ ಚಿಪ್ಪಿನೊಳಗೆ ಲೊಟಲೊಟ ಅನ್ನುತ್ತೆ. ಒಡೆದು ಮಾರುವ ಬಟ್ಟಲಾದರೆ ಒಳಗೆ ಹಳದಿ ಜಿಡ್ಡು ಇದೆಯಾ ನೋಡಿ. ಜಿಡ್ಡಿದ್ದರೆ ವಾರದಲ್ಲಿ ಕಮಟು ವಾಸನೆ ಬಂದು ಇಡೀ ಡಬ್ಬ ಎಳ್ಳು ಹಾಳು.

ಗಾಂಧಿಬಜಾರ್_ಗೆಳತಿ (ಮಧ್ಯಾಹ್ನ 12:40)

ಬೆಲ್ಲಕ್ಕೂ ಯಾರಾದರೂ ಹೇಳಿ. ನನ್ನ ಬೆಲ್ಲ ಕತ್ತರಿಸಿದ ತಕ್ಷಣ ಬೆವರುತ್ತೆ.

ಮಂಡ್ಯದ_ಮಣ್ಣು (ಮಧ್ಯಾಹ್ನ 12:58)

ಅಚ್ಚು ಬೆಲ್ಲದಲ್ಲಿ ಬಣ್ಣ ತುಂಬಾ ಹಳದಿ ಇರೋದು ಬೇಡ. ಸ್ವಲ್ಪ ಕಂದು, ಒಡೆದರೆ ಒಳಗೆ ಹರಳು ಹರಳಾಗಿ ಕಾಣಬೇಕು. ಅಡಕತ್ತರಿಯಲ್ಲಿ ಕತ್ತರಿಸಿ, ಪೇಪರ್ ಮೇಲೆ ಹರಡಿ, ಎರಡು ಮೂರು ದಿನ ಬಿಸಿಲಿಗಿಡಿ. ಬೆರೆಸೋದು ಕೊನೇ ದಿನ. ಮೊದಲೇ ಬೆರೆಸಿದರೆ ಎಳ್ಳೆಲ್ಲ ಬೆಲ್ಲಕ್ಕೆ ಅಂಟಿಕೊಳ್ಳುತ್ತೆ.

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಲ್ಲಿ ಎಲ್ಲರೂ ಸಂಕ್ರಾಂತಿ ಅಂದರೆ ಸಕ್ಕರೆ ಅಚ್ಚು ಅಂತ ಮಾತಾಡ್ತಿದ್ದೀರಿ. ನಮ್ಮ ಕಡೆ ಒಕ್ಕಲು ಮನೆಗಳಲ್ಲಿ ಹಬ್ಬದ ಅಲಂಕಾರ ನಡೆಯೋದು ಕೊಟ್ಟಿಗೆಯಲ್ಲಿ. ಬೆಳಗ್ಗೆ ದನಗಳನ್ನು ಕೆರೆಗೋ ಕಾಲುವೆಗೋ ಹೊಡೆದು ಮೈ ತೊಳೀತೀವಿ. ಕೊಂಬು ಹೆರೆದು, ಬಣ್ಣ ಬಳಿದು, ತುದಿಗೆ ಗೊಂಡೆ ಕಟ್ಟುತ್ತೀವಿ. ಕೊರಳಿಗೆ ಸೇವಂತಿಗೆ ಹಾರ, ಗೆಜ್ಜೆ. ಗೊಂಡೆ ಪೇಟೆಯಿಂದ ತರಲ್ಲ, ನಮ್ಮಪ್ಪ ಬಣ್ಣದ ಉಲ್ಲನ್ ದಾರದಲ್ಲಿ ಮನೆಯಲ್ಲೇ ಕಟ್ಟುತ್ತಿದ್ದರು. ದಾರವನ್ನು ನಾಲ್ಕು ಬೆರಳಿಗೆ ಸುತ್ತಿ, ನಡುವೆ ಬಿಗಿದು, ತುದಿ ಕತ್ತರಿಸಿ ಬಿಡಿಸೋದು. ನಾನೂ ಅವರ ಪಕ್ಕ ಕೂತು ಕಲಿತೆ. ಈಗ ನನ್ನ ಮಗಳು ಕಟ್ಟುತ್ತಾಳೆ. ಸಂಜೆ ಕಿಚ್ಚು ಹಾಯಿಸೋದು. ಮನೆಯಲ್ಲಿ ಬೇಯಿಸಿದ ಅವರೆಕಾಯಿ, ಗೆಣಸು, ಕಡಲೆಕಾಯಿ, ಸಿಹಿ ಪೊಂಗಲ್. ಎಳ್ಳು ಬೆಲ್ಲ ಇರುತ್ತೆ, ಅದು ಎಷ್ಟೋ ವಿಷಯಗಳಲ್ಲಿ ಒಂದು, ಅಷ್ಟೇ.

ತುಂಗಾತೀರ (ಮಧ್ಯಾಹ್ನ 1:15)

ಬೇಜಾರು ಯಾಕೆ ಅಣ್ಣ, ಬರೆದಿದ್ದಕ್ಕೆ ಖುಷಿಯಾಯಿತು. ಗೊಂಡೆ ಕಟ್ಟುವುದನ್ನು ಫೋಟೊ ಹಾಕಲು ಆಗುತ್ತಾ?

ಊರ_ದಾರಿ (ಮಧ್ಯಾಹ್ನ 1:22)

ಕಿಚ್ಚು ಹಾಯಿಸೋದು ನೋಡಬೇಕು ಅಂದರೆ ಮೈಸೂರು ಹತ್ತಿರದ ಸಿದ್ದಲಿಂಗಪುರಕ್ಕೆ ಹೋಗಿ. ಸಂಜೆ ಜನಜಾತ್ರೆ.

ಮೂಕಪ್ರಾಣಿ (ಮಧ್ಯಾಹ್ನ 1:40)

ಬೆಂಕಿ ಮೇಲೆ ದನ ಓಡಿಸುವುದನ್ನು ಹಬ್ಬ ಅನ್ನಲು ನನಗೆ ಮನಸ್ಸು ಬರಲ್ಲ. ಅಲಂಕಾರ ಮಾಡಿ, ಪೂಜೆ ಮಾಡಿ, ಬೆಂಕಿ ಬೇಡ.

ಮಂಡ್ಯದ_ಮಣ್ಣು (ಮಧ್ಯಾಹ್ನ 2:05)

ಹುಲ್ಲಿನ ಬೆಂಕಿ, ಕ್ಷಣದಲ್ಲಿ ಉರಿದು ಆರುತ್ತೆ. ಮೈಮೇಲಿನ ಉಣ್ಣಿ ಹುಳ ಉದುರುತ್ತೆ ಅಂತ ಹಿರಿಯರು ಹೇಳುತ್ತಿದ್ದರು. ಆದರೆ ನೀವು ಹೇಳಿದ್ದನ್ನು ತಳ್ಳಿಹಾಕಲ್ಲ. ಈಗ ಕೆಲವು ಕಡೆ ಜನ ಜಾಸ್ತಿ ಸೇರಿ, ಕೂಗಾಡಿ, ಪಟಾಕಿ ಹೊಡೆದು ದನಗಳನ್ನು ಬೆದರಿಸುತ್ತಾರೆ. ಅದು ನನಗೂ ಹಿಡಿಸಲ್ಲ. ನಮ್ಮ ಮನೇಲಿ ಹಸು ಗಬ್ಬವಾಗಿದ್ದರೆ, ಕರು ಚಿಕ್ಕದಿದ್ದರೆ ಹಾಯಿಸಲ್ಲ. ಎತ್ತು ಹಿಡಿದುಕೊಂಡು ನಾವೇ ಜೊತೆಗೆ ಹಾಯುತ್ತೀವಿ.

ಧಾರವಾಡ_ಓಣಿ (ಮಧ್ಯಾಹ್ನ 3:10)

ನಮ್ಮ ಕಡೆಯ ಕುಸುರೆಳ್ಳು ಯಾರೂ ನೆನೆಸಲೇ ಇಲ್ಲವಲ್ರೀ! ಸಕ್ಕರೆ ಅಚ್ಚು ಒಂದು ಮುಂಜಾನೆಯ ಕೆಲಸ. ಕುಸುರೆಳ್ಳಿಗೆ ತಾಳ್ಮೆ ಬೇಕು.

ಅಗಲ ಪರಾತದಲ್ಲಿ ಬಿಳಿ ಎಳ್ಳು ಹಾಕಿ, ಶೆಗಡಿಯ ಸಣ್ಣ ಕೆಂಡದ ಮೇಲೆ ಇಡೋದು. ಎಳೆ ಪಾಕ ಒಂದೊಂದೇ ಚಮಚ ಹಾಕುತ್ತಾ ಬೆರಳ ತುದಿಯಿಂದ ಹಗುರವಾಗಿ ಆಡಿಸುತ್ತಾ ಇರಬೇಕು. ಒತ್ತಬಾರದು. ಪಾಕ ಒಣಗಿದ ಮೇಲೆ ಮತ್ತೊಂದು ಚಮಚ. ಹೀಗೆ ದಿನಾ ಸ್ವಲ್ಪ ಹೊತ್ತು ಮಾಡುತ್ತಾ ಹೋದರೆ ಪ್ರತಿ ಕಾಳಿನ ಮೇಲೂ ಸಣ್ಣ ಸಣ್ಣ ಮುಳ್ಳು ಏಳುತ್ತವೆ. ಉರಿ ಜಾಸ್ತಿ ಆದರೆ ಮುಳ್ಳು ಕರಗಿ ನುಣ್ಣಗಾಗುತ್ತೆ. ಬೆಳಗಿನ ಜಾವದ ಥಂಡಿಯಲ್ಲಿ ಮುಳ್ಳು ಚೆನ್ನಾಗಿ ಏಳುತ್ತವೆ, ಅದಕ್ಕೇ ನಮ್ಮವ್ವ ನಸುಕಿನಲ್ಲೇ ಪರಾತ ಹಿಡಿದು ಕೂಡುತ್ತಿದ್ದಳು. ಎಳ್ಳಿನ ಬದಲು ಸಾಬೂದಾನಿ, ಗಸಗಸೆ, ಲವಂಗಕ್ಕೂ ಹೀಗೇ ಮಾಡುತ್ತಾರೆ.

ಆಮೇಲೆ ಅದನ್ನು ದಾರಕ್ಕೆ ಹೊಂದಿಸಿ ಆಭರಣ. ಹೊಸ ಸೊಸೆಗೆ, ಮೊದಲ ಸಂಕ್ರಮಣದ ಕೂಸಿಗೆ ಕರಿ ಬಟ್ಟೆ ಉಡಿಸಿ, ಕುಸುರೆಳ್ಳಿನ ಹಾರ, ಬಳೆ, ಕಿರೀಟ ಹಾಕುತ್ತಾರೆ. ಬೆಳ್ಳನೆಯ ಕಾಳು ಕರಿ ಬಟ್ಟೆಯ ಮೇಲೆ ಎದ್ದು ಕಾಣುತ್ತೆ. ಬೆಳಗಾವಿ ಕಡೆ ಇನ್ನೂ ಜೋರು.

ಸಿಯಾಟಲ್_ಸೊಗಡು (ಮಧ್ಯಾಹ್ನ 3:55)

ಕರಿ ಬಟ್ಟೆನಾ? ನಮ್ಮ ಮೈಸೂರು ಕಡೆ ಹಬ್ಬಕ್ಕೆ ಕಪ್ಪು ಮುಟ್ಟಲ್ಲ!

ಧಾರವಾಡ_ಓಣಿ (ಸಂಜೆ 4:02)

ವರ್ಷದಲ್ಲಿ ಅದೊಂದೇ ಹಬ್ಬಕ್ಕೆ ಕರಿ ಸೀರೆ ನಡೆಯುತ್ತೆ ನಮ್ಮಲ್ಲಿ. ಚಳಿಗಾಲದಲ್ಲಿ ಕಪ್ಪು ಬೆಚ್ಚಗಿಡುತ್ತೆ ಅಂತ ಹೇಳುತ್ತಾರೆ. ಹಿಂದಿನ ದಿನ ಭೋಗಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಎಲ್ಲ ಕಾಯಿಪಲ್ಲೆ ಸೇರಿಸಿದ ಪಲ್ಯ. ಸಂಕ್ರಮಣದ ದಿನ ಶೇಂಗಾ ಹೋಳಿಗೆ, ಮಾದಲಿ, ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗೋದು.

ಸೊಸೆ_ಮತ್ತು_ಮಗಳು (ಸಂಜೆ 4:10)

ಶೇಂಗಾ ಹೋಳಿಗೆ ಅಂತ ಓದಿ ಇಲ್ಲಿ ಬಾಯಲ್ಲಿ ನೀರು.

ಥರ್ಮಾಮೀಟರ್ (ಸಂಜೆ 5:30)

ಮೇಲೆ ಒಬ್ಬರು ಅಂಚು ಬೆಳ್ಳಗಾಗುವುದನ್ನು ಹೇಳಿದರು. ಅದರ ಹಿಂದಿನ ಕಾರಣ ಇದು. ಕುದಿದಷ್ಟೂ ನೀರು ಹೋಗಿ ಪಾಕದ ಬಿಸಿ ಏರುತ್ತೆ. ತಣ್ಣೀರಿಗೆ ಹಾಕಿದರೆ ಮೆತ್ತನೆ ಉಂಡೆಯಾಗುವ ಹಂತ ಸುಮಾರು 112ರಿಂದ 116 ಡಿಗ್ರಿ ಸೆಲ್ಸಿಯಸ್. ಇಳಿಸಿ ತಿರುವಿದಾಗ ಸಕ್ಕರೆ ಮತ್ತೆ ಹರಳಾಗಲು ಶುರು. ಮೊದಲ ಹರಳು ಕೂರುವುದು ಪಾತ್ರೆಯ ಅಂಚಿನಲ್ಲಿ, ಅಲ್ಲಿ ಬೇಗ ತಣಿಯುತ್ತೆ. ಚೆನ್ನಾಗಿ ತಿರುವಿದರೆ ಹರಳು ತುಂಬಾ ಸಣ್ಣದಾಗಿ, ಅಚ್ಚು ಬಿಳಿಯಾಗಿ ನುಣ್ಣಗೆ ಬರುತ್ತೆ. ತಿರುವದೆ ಹುಯ್ದರೆ ಒರಟು ಹರಳು.

ಕೆಲವರು ನಿಂಬೆರಸ ಹಿಂಡುತ್ತಾರೆ. ಜಾಸ್ತಿ ಆದರೆ ಅಚ್ಚು ಕಟ್ಟುವುದೇ ಇಲ್ಲ. ಹುಳಿ ಸೇರಿದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತೆ. ಅವು ಹರಳು ಕಟ್ಟಲು ಬಿಡುವುದಿಲ್ಲ. ಜಾಮೂನಿನ ಪಾಕಕ್ಕೆ ನಿಂಬೆ ಸರಿ, ಅಚ್ಚಿಗೆ ಬೇಡ.

ಸೊಂಡಿಲು ಮುರಿಯುವುದಕ್ಕೆ ಇನ್ನೊಂದು ಕಾರಣ ಇರಬಹುದು. ಸಣ್ಣ ಸಂದಿಗೆ ಪಾಕ ಇಳಿಯುವ ಮೊದಲೇ ಗಟ್ಟಿಯಾಗುತ್ತಿದೆ. ಆನೆಗೆ ಹುಯ್ಯುವಾಗ ಒಂಚೂರು ತೆಳ್ಳಗಿರುವಾಗಲೇ ಹುಯ್ದು, ಅಚ್ಚನ್ನು ಮಣೆಗೆ ಮೆಲ್ಲಗೆ ಎರಡು ಸಲ ತಟ್ಟಿ. ಗಾಳಿ ಗುಳ್ಳೆ ಮೇಲೆ ಬರುತ್ತೆ.

ಹಳೇಮೈಸೂರು_ಅಡುಗೆ (ಸಂಜೆ 5:50)

ತಟ್ಟುವುದು ಒಳ್ಳೇ ಮಾತು. ಬಿಚ್ಚುವಾಗಲೂ ಅಷ್ಟೇ. ಹೋಳುಗಳನ್ನು ಎಳೆಯಬೇಡಿ, ಅಚ್ಚಿನ ಬೆನ್ನಿಗೆ ತಟ್ಟಿ ಸಡಿಲ ಮಾಡಿ. ಸೊಂಡಿಲಿರುವ ಹೋಳನ್ನು ಕೊನೆಗೆ ತೆಗೆಯಿರಿ. ಮುರಿದದ್ದನ್ನು ಎಸೆಯಬೇಡಿ, ಸ್ವಲ್ಪ ನೀರು ಹಾಕಿ ಮತ್ತೆ ಕರಗಿಸಿದರೆ ಮತ್ತೆ ಅಚ್ಚಾಗುತ್ತೆ.

ಸಿಹಿ_ಬೇಡಪ್ಪ (ಸಂಜೆ 6:15)

ಎಲ್ಲ ಸರಿ, ತಿನ್ನೋರು ಯಾರು? ನಮ್ಮ ಮನೆಗೆ ಪ್ರತಿ ವರ್ಷ ರಾಶಿ ಅಚ್ಚು ಬರುತ್ತೆ. ಅಪ್ಪ ಅಮ್ಮ ಇಬ್ಬರಿಗೂ ಸಕ್ಕರೆ ಕಾಯಿಲೆ. ಡಬ್ಬದಲ್ಲಿ ಕೂತು ಇರುವೆ ಹತ್ತುತ್ತೆ. ಸುಮ್ನೆ ಮಾಡಿ ಸುಮ್ನೆ ಹಂಚಿ ಏನು ಬಂತು?

ಗಾಂಧಿಬಜಾರ್_ಗೆಳತಿ (ಸಂಜೆ 6:24)

ನಮ್ಮಲ್ಲಿ ಕಾಫಿಗೆ ಹಾಕಿ ಮುಗಿಸುತ್ತೇವೆ. ಯುಗಾದಿವರೆಗೆ ಸಕ್ಕರೆ ಕೊಳ್ಳಲ್ಲ.

ಮಲ್ಲೇಶ್ವರಂ_ಅಜ್ಜಿ (ಸಂಜೆ 7:00)

ಸಿಹಿ ಬೇಡ ಅಂದವರಿಗೆ ಹೇಳುತ್ತೇನಪ್ಪ. ಅಚ್ಚು ತಿನ್ನುವುದಕ್ಕಿಂತ ನೋಡುವುದಕ್ಕೆ ಮಾಡುತ್ತಿದ್ದದ್ದು. ನಮ್ಮ ಕಾಲದಲ್ಲಿ ಬೆಳ್ಳಿ ತಟ್ಟೆಯಲ್ಲಿ ಎಳ್ಳು ಹರಡಿ, ನಡುವೆ ಗೋಪುರದ ಅಚ್ಚು, ಸುತ್ತ ಆನೆ, ಹಂಸ, ಹಣ್ಣುಗಳ ಅಚ್ಚು ಜೋಡಿಸಿ ದೇವರ ಮುಂದೆ ಇಡುತ್ತಿದ್ದೆವು. ಎಲಚಿಹಣ್ಣು, ಕಬ್ಬಿನ ತುಂಡು, ಬಾಳೆಹಣ್ಣು, ಎಲೆ ಅಡಿಕೆ, ಅರಿಶಿನ ಕುಂಕುಮ ಸುತ್ತಲೂ. ನೋಡಿದವರು "ಈ ವರ್ಷ ಹಂಸ ಚೆನ್ನಾಗಿ ಬಂದಿದೆ" ಅನ್ನಬೇಕು. ಹಂಚುವಾಗ ಮನೆಗೊಂದು ಅಚ್ಚು ಸಾಕು. ಈಗ ಕೆಜಿಗಟ್ಟಲೆ ಮಾಡಿ ಡಬ್ಬ ಡಬ್ಬ ಹಂಚುವುದು ಯಾಕೆ? ಸಣ್ಣ ಅಚ್ಚು ಕೊಳ್ಳಿ, ಕಡಿಮೆ ಮಾಡಿ.

ಎಳ್ಳಿನ ಅಳತೆ ಯಾರೂ ಬರೆದಿಲ್ಲ. ಎಳ್ಳು ಒಂದು ಪಾಲು. ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ಎರಡೆರಡು ಪಾಲು. ಎಳ್ಳು ಜಾಸ್ತಿ ಆದರೆ ಕಹಿ.

ಲೆಕ್ಕಾಚಾರ (ಸಂಜೆ 7:12)

ಹುರಿಗಡಲೆ ಎರಡು ಪಾಲು ಜಾಸ್ತಿ ಆಯಿತು ಅಮ್ಮ. ಒಂದೂವರೆ ಸಾಕು. ಅಂಗಡಿಯವರು ತೂಕ ಬರಲಿ ಅಂತ ಹುರಿಗಡಲೆಯನ್ನೇ ತುಂಬಿರುತ್ತಾರೆ.

ಸೊಸೆ_ಮತ್ತು_ಮಗಳು (ಸಂಜೆ 7:15)

ನೋಡಿ, ಅಂಗಡಿಯದ್ದೇ ಸಾಕು ಅಂದವರು ಈಗ ಹುರಿಗಡಲೆ ಅಳತೆಗೆ ಬಂದಿರಿ. ಒಂದು ದಿನ ಮನೆಯಲ್ಲಿ ಬೆರೆಸಿ ನೋಡಿ, ನಿಮ್ಮ ಅಳತೆಯಲ್ಲೇ.

ಲೆಕ್ಕಾಚಾರ (ಸಂಜೆ 7:31)

ಎಳ್ಳು ಬೆಲ್ಲ ಬೆರೆಸುವುದಕ್ಕೆ ನನ್ನ ವಿರೋಧ ಇಲ್ಲ. ಸಾಮಾನು ಬೇರೆ ಬೇರೆ ತಂದು ಭಾನುವಾರ ಮಕ್ಕಳ ಜೊತೆ ಬೆರೆಸೋಣ, ಖಂಡಿತ. ಒತ್ತಾಯ ಬೇಡ ಅನ್ನುವ ಮಾತು ಮಾತ್ರ ಬಿಡಲ್ಲ.

ಬಿಳಿಸೀರೆ (ರಾತ್ರಿ 8:40)

ಇಷ್ಟು ಹೊತ್ತು ಓದುತ್ತಿದ್ದೆ. ಒಂದು ವಿಷಯ ಬರೆಯಲೇಬೇಕು ಅನ್ನಿಸಿತು. ನಮ್ಮ ಅಮ್ಮ ಬೀದಿಗೆಲ್ಲ ಅಚ್ಚು ಹುಯ್ದು ಕೊಡುತ್ತಿದ್ದರು, ಅಷ್ಟು ಒಳ್ಳೇ ಕೈ. ಅಪ್ಪ ತೀರಿಕೊಂಡ ಮೇಲೆ ಅದೇ ಬೀದಿಯವರು ಎಳ್ಳು ಬೀರಲು ಬಂದಾಗ ನನ್ನ ಕೈಗೆ, ತಂಗಿಯ ಕೈಗೆ ಕೊಟ್ಟು ಅಮ್ಮನನ್ನು ದಾಟಿ ಹೋಗುತ್ತಿದ್ದರು. ಅಮ್ಮ ಏನೂ ಅನ್ನುತ್ತಿರಲಿಲ್ಲ. ಹಬ್ಬದ ಸಂಜೆ ಹೊತ್ತಿಗೆ ಒಳಗೆ ಹೋಗಿ ಕೂರುತ್ತಿದ್ದರು. "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ" ಅಂತ ಹೇಳಿಕೊಂಡು ಬರುವವರು ಮನೆಯ ಹಿರಿಯರನ್ನೇ ಬಿಟ್ಟು ಹೋಗುವುದು ಯಾವ ಒಳ್ಳೇ ಮಾತು? ಸಂಪ್ರದಾಯ ಉಳಿಸುವ ಮಾತಾಡುವಾಗ ಇದನ್ನು ಮೊದಲು ಬಿಡಬೇಕು.

ಮಲ್ಲೇಶ್ವರಂ_ಅಜ್ಜಿ (ರಾತ್ರಿ 9:05)

ನಿಮ್ಮ ಮಾತು ಸರಿ ಮಗಳೇ. ನಾನೂ ಈಗ ಒಂಟಿ. ನಮ್ಮ ಬೀದಿಯಲ್ಲಿ ಮೊದಲು ನನ್ನ ಮನೆಗೇ ಬರುತ್ತಾರೆ, ನಾನೇ ಎಲ್ಲರಿಗೂ ಎಳ್ಳು ಬೀರುತ್ತೇನೆ. ಶುರುವಿನಲ್ಲಿ ಒಬ್ಬಿಬ್ಬರು ಹಿಂದೆ ಮುಂದೆ ನೋಡಿದರು. ನನ್ನ ಸೊಸೆ ಬಾಗಿಲಲ್ಲೇ ನಿಂತು "ಮೊದಲು ಅತ್ತೆಗೆ ಕೊಡಿ" ಅಂದಳು. ಆಮೇಲೆ ಯಾರೂ ದಾಟಿ ಹೋಗಿಲ್ಲ.

ಹಳೇಮೈಸೂರು_ಅಡುಗೆ (ರಾತ್ರಿ 9:11)

ಬಿಳಿಸೀರೆ ಅವರೇ, ನಮ್ಮಲ್ಲೂ ಹೀಗೇ ನಡೆಯುತ್ತಿತ್ತು. ಈಗ ನಾವು ಎಲ್ಲರಿಗೂ ಕೊಡುತ್ತೇವೆ, ಗಂಡಸರಿಗೂ. ನಿಮ್ಮ ಅಮ್ಮನ ಹದ ಹೇಗಿತ್ತು ಅಂತ ನೆನಪಿದ್ದರೆ ಬರೆಯಿರಿ.

ಬಿಳಿಸೀರೆ (ರಾತ್ರಿ 9:30)

ಅಮ್ಮ ಶೋಧಿಸಿದ ಪಾಕ ಬಿಸಿಯಾಗಿ ಇರಲಿ ಅಂತ ದೊಡ್ಡ ಪಾತ್ರೆಯನ್ನು ಬಿಸಿನೀರಿನಲ್ಲಿ ಕೂರಿಸುತ್ತಿದ್ದರು. ಬಣ್ಣ ಹಾಕುತ್ತಿರಲಿಲ್ಲ. ಬಿಳಿಯಲ್ಲೇ ಗೆರೆ ಗೆರೆ ಎದ್ದು ಕಾಣಬೇಕು ಅನ್ನುತ್ತಿದ್ದರು. ಆನೆಯ ಕಣ್ಣಿಗೆ ಮಾತ್ರ ಒಂದು ಏಲಕ್ಕಿ ಕಾಳು ಅಂಟಿಸುತ್ತಿದ್ದರು.

ತುಂಗಾತೀರ (ರಾತ್ರಿ 9:34)

ಏಲಕ್ಕಿ ಕಾಳಿನ ಕಣ್ಣು! ಈ ವರ್ಷ ನಮ್ಮ ಆನೆಗಳಿಗೂ ಅದೇ.

ಕರಾವಳಿ_ಕ್ರಿಬ್ (ಜನವರಿ 4, ಬೆಳಗ್ಗೆ 8:20)

ಮಂಗಳೂರಿನಿಂದ ನಮಸ್ಕಾರ. ನಿಮ್ಮ ಮಾತು ಓದುವಾಗ ನಮ್ಮ ಕುಸ್ವಾರ್ ನೆನಪಾಯಿತು, ಮೊನ್ನೆಯಷ್ಟೇ ಮುಗಿಯಿತು. ಕ್ರಿಸ್ಮಸ್‌ಗೆ ನಾವು ಕ್ಯಾಥೊಲಿಕರು ಮಾಡುವ ತಿಂಡಿಗಳ ರಾಶಿಗೆ ಕುಸ್ವಾರ್ ಅನ್ನುತ್ತೇವೆ. ಕಿಡಿಯೊ, ಗುಳಿಯೊ, ನೆವ್ರಿ, ಕೊಕ್ಕಿಸಾಂ, ಎಳ್ಳಿನ ಲಾಡು, ಚಕ್ಕುಲಿ, ಕೇಕ್. ಕಿಡಿಯೊ ಮಾಡುವಾಗ ಇಡೀ ಮನೆ ಊಟದ ಮೇಜಿನ ಸುತ್ತ ಕೂರುತ್ತೆ. ಹಿಟ್ಟಿನ ಸಣ್ಣ ಗೋಲಿಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿದರೆ ಗೆರೆ ಮೂಡುತ್ತೆ. ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸೋದು. ಮಕ್ಕಳು ಯಾರ ಗೆರೆ ಚೆನ್ನಾಗಿದೆ ಅಂತ ಜಗಳ ಆಡುತ್ತಾರೆ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಮಾಡುವುದು ಹುಡುಗರ ಕೆಲಸ. ಬೈಹುಲ್ಲು, ಮಣ್ಣು, ಕಲ್ಲು. ಮೊದಲೇ ಬಟ್ಟಲಿನಲ್ಲಿ ಬಿತ್ತಿದ ರಾಗಿ, ಭತ್ತದ ಮೊಳಕೆ ಹೊಲ ಆಗುತ್ತೆ. ನಕ್ಷತ್ರಕ್ಕೆ ಬಿದಿರ ಕಡ್ಡಿ ಸೀಳಿ ಬಣ್ಣದ ಕಾಗದ ಅಂಟಿಸೋದು. ನಮಗೆ ಕಡ್ಡಿ ಸೀಳಲು ಕಲಿಸಿದವರು ಪಕ್ಕದ ಮನೆಯ ಮಾಮ. ಅವರು ದೀಪಾವಳಿಗೆ ಗೂಡುದೀಪ ಕಟ್ಟುವವರು. ಕಡ್ಡಿ ಅದೇ, ಕಾಗದ ಅದೇ, ಕಟ್ಟುವ ಗಂಟೂ ಅದೇ. ಕುಸ್ವಾರ್ ತಟ್ಟೆ ಮೊದಲು ಹೋಗುವುದು ಅವರ ಮನೆಗೆ.

ಧಾರವಾಡ_ಓಣಿ (ಬೆಳಗ್ಗೆ 8:41)

ರಾಗಿ ಮೊಳಕೆಯ ಹೊಲ ನಮ್ಮ ತಂಗಿ ಮೈಸೂರಿನಲ್ಲಿ ದಸರಾ ಗೊಂಬೆ ಕೂರಿಸುವಾಗಲೂ ಮಾಡುತ್ತಾಳೆ! ಅಲ್ಲಿ ಪಾರ್ಕ್ ಅಂತಾರೆ.

ಹಳೇಮೈಸೂರು_ಅಡುಗೆ (ಬೆಳಗ್ಗೆ 8:55)

ಹೌದು, ಪಟ್ಟದ ಗೊಂಬೆಗಳ ಕೆಳಗೆ ಪಾರ್ಕ್ ಇಲ್ಲದಿದ್ದರೆ ಮಕ್ಕಳು ಬಿಡಲ್ಲ. ರಾಗಿಗಿಂತ ಸಾಸಿವೆ ಬೇಗ ಹಸಿರಾಗುತ್ತೆ. ಕೊಳಕ್ಕೆ ಒಂದು ಕನ್ನಡಿ.

ಪಂಚಾಂಗ_ಪ್ರಿಯ (ಬೆಳಗ್ಗೆ 9:20)

ಈ ವರ್ಷ ಹಬ್ಬ 14ಕ್ಕಾ 15ಕ್ಕಾ? 2024ರಲ್ಲಿ 15ಕ್ಕೆ ಬಂದಿತ್ತು, 2025ರಲ್ಲಿ 14ಕ್ಕೆ. ಉತ್ತರಾಯಣ ನಿಜವಾಗಿ ಡಿಸೆಂಬರ್ 21, 22ಕ್ಕೇ ಶುರುವಾಗುತ್ತಲ್ಲ, ಅದನ್ನೂ ಯಾರಾದರೂ ಬಿಡಿಸಿ ಹೇಳಿ.

ಥರ್ಮಾಮೀಟರ್ (ಬೆಳಗ್ಗೆ 9:45)

ಸಂಕ್ರಾಂತಿ ಅಂದರೆ ನಕ್ಷತ್ರಗಳ ಲೆಕ್ಕದಲ್ಲಿ ಸೂರ್ಯ ಮಕರ ರಾಶಿಗೆ ಬರುವ ಹೊತ್ತು. ಆ ಲೆಕ್ಕದ ವರ್ಷ 365 ದಿನ, 6 ಗಂಟೆ, 9 ನಿಮಿಷ. ಹಾಗಾಗಿ ಪ್ರತಿ ವರ್ಷ ಆ ಹೊತ್ತು ಸುಮಾರು ಆರು ಗಂಟೆ ಮುಂದೆ ಹೋಗುತ್ತೆ. ಫೆಬ್ರವರಿ 29 ಬಂದಾಗ ಮುಂದಿನ ವರ್ಷ ಹಿಂದಕ್ಕೆ ಬರುತ್ತೆ. 14, 15ರ ಆಟ ಇದೇ. ಇನ್ನು ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಸುಮಾರು 71 ವರ್ಷಕ್ಕೆ ಒಂದು ದಿನ ಸಂಕ್ರಾಂತಿ ಮುಂದೆ ಸರಿಯುತ್ತೆ. ಬಹಳ ಹಿಂದೆ ಉತ್ತರಾಯಣವೂ ಸಂಕ್ರಾಂತಿಯೂ ಒಂದೇ ದಿನ ಇದ್ದವು. ಈಗ ನಡುವೆ 24 ದಿನದಷ್ಟು ದೂರ.

ಗಾಂಧಿಬಜಾರ್_ಗೆಳತಿ (ಬೆಳಗ್ಗೆ 9:52)

ಒಳ್ಳೇ ವಿಷಯ, ಇದಕ್ಕೆ ಬೇರೆ ಚರ್ಚೆ ತೆಗೆಯಿರಿ. ಇಲ್ಲಿ ಅಚ್ಚು ನಡೆಯಲಿ.

ಸಿಯಾಟಲ್_ಸೊಗಡು (ಬೆಳಗ್ಗೆ 10:30)

ನಮ್ಮಲ್ಲಿ ಜನವರಿಯಲ್ಲಿ ಬಿಸಿಲೇ ಇರಲ್ಲ. ಕೊಬ್ಬರಿ, ಬೆಲ್ಲ ಎಲ್ಲ ಒವನ್‌ನಲ್ಲಿ ಕಡಿಮೆ ಬಿಸಿಗೆ ಒಣಗಿಸುತ್ತೇವೆ. ಹಬ್ಬ ವಾರದ ನಡುವೆ ಬಂದರೆ ಎಳ್ಳು ಬೀರುವುದು ಶನಿವಾರ. ನಾಲ್ಕೈದು ಕನ್ನಡದ ಮನೆಯವರು ಒಂದು ಮನೆಯಲ್ಲಿ ಸೇರಿ ಅಚ್ಚು ಹುಯ್ಯುತ್ತೇವೆ. ಮಕ್ಕಳಿಗೆ ಎಲಚಿಹಣ್ಣು ಎರೆಯಲು ಇಲ್ಲಿ ಎಲಚಿ ಸಿಗಲ್ಲ, ಕ್ರ್ಯಾನ್‌ಬೆರಿ, ಕಬ್ಬಿನ ತುಂಡು, ಚಿಲ್ಲರೆ ಕಾಸು ಸೇರಿಸಿ ತಲೆ ಮೇಲೆ ಸುರಿದು ಆರತಿ ಮಾಡುತ್ತೇವೆ. ಕೆಲವರು ಸಿಲಿಕೋನ್ ಅಚ್ಚು ತಂದಿದ್ದಾರೆ. ಸುಲಭವಾಗಿ ಬಿಡುತ್ತೆ, ಆದರೆ ಹಿಮಮನುಷ್ಯ, ಹೃದಯದ ಆಕಾರ. ನನಗೆ ತುಳಸಿಕಟ್ಟೆಯೇ ಬೇಕು. ಮರದ ಅಚ್ಚು ಎಲ್ಲಿ ಕೊಳ್ಳಲಿ? ಫೆಬ್ರವರಿಯಲ್ಲಿ ಊರಿಗೆ ಬರುತ್ತಿದ್ದೇನೆ.

ಗಾಂಧಿಬಜಾರ್_ಗೆಳತಿ (ಬೆಳಗ್ಗೆ 10:41)

ಗಾಂಧಿ ಬಜಾರಿನಲ್ಲಿ ಹಬ್ಬದ ಹೊತ್ತಿಗೆ ಸಿಗುತ್ತೆ, ಫೆಬ್ರವರಿಗೆ ಕಷ್ಟ. ಗ್ರಂಥಿಗೆ ಅಂಗಡಿಗಳಲ್ಲಿ ಕೇಳಿ ನೋಡಿ.

ಮಂಡ್ಯದ_ಮಣ್ಣು (ಬೆಳಗ್ಗೆ 11:10)

ಹಳೇ ತೇಗದ ತುಂಡು ಇದ್ದರೆ ಕೆತ್ತನೆ ಗೊತ್ತಿರುವ ಬಡಗಿ ಮಾಡಿಕೊಡುತ್ತಾರೆ. ಹಸಿ ಮರ ಬೇಡ, ನೆನೆದು ಒಣಗಿದಾಗ ಸೊಟ್ಟಗಾಗಿ ಹೋಳು ಕೂರಲ್ಲ. ಮಾದರಿಗೆ ಒಂದು ಹಳೇ ಅಚ್ಚು ತೋರಿಸಿ.

ಗೊಂಡೆಯ ಫೋಟೊ ಮಗಳು ತೆಗೆದಿದ್ದಾಳೆ, ಸಂಜೆ ಹಾಕುತ್ತೇನೆ.

ಸಿಹಿ_ಬೇಡಪ್ಪ (ಬೆಳಗ್ಗೆ 11:25)

ಮನೆಗೊಂದೇ ಅಚ್ಚು ಅಂದ ಅಜ್ಜಿಯ ಮಾತು ಒಪ್ಪಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದನ್ನೇ ಹೇಳುತ್ತೇನೆ. ಇನ್ನೊಂದು ಕೋರಿಕೆ, ಎಳ್ಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೊಡಬೇಡಿ. ರಾಜ್ಯದಲ್ಲಿ 2016ರಲ್ಲೇ ನಿಷೇಧ ಆಗಿದೆ, ಆದರೂ ಹಬ್ಬದ ಮರುದಿನ ಕಸದ ತೊಟ್ಟಿ ತುಂಬ ಅದೇ.

ಮಲ್ಲೇಶ್ವರಂ_ಅಜ್ಜಿ (ಬೆಳಗ್ಗೆ 11:40)

ಬಿಳಿ ಕಾಗದದ ಪೊಟ್ಟಣ ಕಟ್ಟಿ. ಚೌಕ ಕಾಗದವನ್ನು ಶಂಖಾಕಾರ ಸುತ್ತಿ, ಎಳ್ಳು ತುಂಬಿ, ಮೇಲಿನ ತುದಿ ಒಳಗೆ ಮಡಚಿದರೆ ಆಯಿತು. ಮಕ್ಕಳಿಗೆ ಕೊಡಿ, ಖುಷಿಯಿಂದ ಕಟ್ಟುತ್ತವೆ.

ಕರಾವಳಿ_ಕ್ರಿಬ್ (ಬೆಳಗ್ಗೆ 11:58)

ಧಾರವಾಡದವರಿಗೆ ಒಂದು ಪ್ರಶ್ನೆ. ಕುಸುರೆಳ್ಳು ಇಲ್ಲಿ ಮಾಡಿ ನೋಡಬೇಕು ಅಂತ ಆಸೆ. ನಮ್ಮ ಸೆಕೆಯಲ್ಲಿ, ಗ್ಯಾಸ್ ಒಲೆ ಮೇಲೆ ಆಗುತ್ತಾ?

ಧಾರವಾಡ_ಓಣಿ (ಮಧ್ಯಾಹ್ನ 12:20)

ಸೆಕೆಯಲ್ಲಿ ಮುಳ್ಳು ಕಷ್ಟ, ಗಾಳಿಯಲ್ಲಿ ತೇವ ಇದ್ದರೆ ಪಾಕ ಒಣಗಲ್ಲ. ಆದರೂ ನೋಡ್ರಿ. ಗ್ಯಾಸ್ ಮೇಲೆ ದಪ್ಪ ದೋಸೆ ಹಂಚು ಇಟ್ಟು, ಅದರ ಮೇಲೆ ಪರಾತ ಇಡಿ, ನೇರ ಉರಿ ತಾಗಬಾರದು. ಬೆರಳಿಗೆ ಬೆಚ್ಚಗೆ ಅನ್ನಿಸಿದರೆ ಸಾಕು, ಸುಡಬಾರದು. ಬೆಳಗಿನ ಐದು ಗಂಟೆಗೆ ಶುರು ಮಾಡಿ, ಬಿಸಿಲೇರಿದ ಮೇಲೆ ಮುಚ್ಚಿಡಿ. ಮೊದಲ ಸಲ ಎಳ್ಳು ಬೇಡ, ಸಾಬೂದಾನಿಯಲ್ಲಿ ಮಾಡಿ. ಕಾಳು ದೊಡ್ಡದು, ಕೈಗೆ ಬೇಗ ಒಗ್ಗುತ್ತೆ.

ಕರಾವಳಿ_ಕ್ರಿಬ್ (ಮಧ್ಯಾಹ್ನ 12:26)

ನಾಳೆ ಐದಕ್ಕೆ ಅಲಾರ್ಮ್ ಇಟ್ಟೆ. ಪಾಕ ಒಂದೆಳೆಯಾ, ಎರಡೆಳೆಯಾ?

ಧಾರವಾಡ_ಓಣಿ (ಮಧ್ಯಾಹ್ನ 12:28)

ಒಂದೆಳೆ. ಎರಡೆಳೆಗೆ ಹೋದರೆ ಕಾಳು ಕಾಳಿಗೆ ಅಂಟಿ ಗಂಟು ಕಟ್ಟುತ್ತೆ.